ಸೊಂಟದ ಮೇಲಿಂದ ಅಂಗಿಯೊಳಕ್ಕೆ

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಒಂದು ಮಾತಿದೆ. ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಒಯ್ಯುವವನು ಅದನ್ನು ಒರೆಯಲ್ಲೋ ಚೀಲದಲ್ಲೋ ಇಟ್ಟು ಪೂರ್ತಿ ಮುಚ್ಚಿರಬೇಕು. ಪರವಾನಗಿ ಇದ್ದವನೂ ನಾಲ್ಕು ಜನರೆದುರು ಅದನ್ನು ಝಳಪಿಸುವಂತಿಲ್ಲ. ಕಾಕತಿಯಲ್ಲಿ ಕುಳಿತು ಇದನ್ನು ಓದುವಾಗ ನಗು ಬರುತ್ತದೆ. ಇದು ಕಿತ್ತೂರು ಚೆನ್ನಮ್ಮ ಹುಟ್ಟಿದ ಊರು. ಆಕೆಯ ಕಾಲದಲ್ಲಿ ಈ ಸೀಮೆಯಲ್ಲಿ ಆಯುಧವೆಂದರೆ ಸೊಂಟದ ಮೇಲೆ ಎಲ್ಲರಿಗೂ ಕಾಣಬೇಕಾದ ವಸ್ತು. ಮುಚ್ಚಿಟ್ಟುಕೊಂಡವನ ಮೇಲೆಯೇ ಜನಕ್ಕೆ ಅನುಮಾನ.

ನಾನು ಈ ನಿಯಮಗಳನ್ನು ತೆಗೆದು ನೋಡಿದ್ದಕ್ಕೆ ಕಾರಣ ಖಾನಾಪುರ ತಾಲೂಕಿನ ನಮ್ಮ ಸೋದರಮಾವ. ಭತ್ತ, ಕಬ್ಬು ಬೆಳೆಯುವ ಮನುಷ್ಯ. ಜಮೀನಿನ ತಕರಾರಿನಲ್ಲಿ ಎರಡು ಸಲ ಬೆದರಿಕೆ ಬಂದ ಮೇಲೆ ಅರ್ಜಿ ಹಾಕಿದ್ದರು, ಪರವಾನಗಿಯೂ ಸಿಕ್ಕಿತು. ‘ನೀ ಇತಿಹಾಸದ ಮಾಸ್ತರ, ಕಿತ್ತೂರಿನ ಬಂದೂಕಿನ ಮ್ಯಾಲೆ ಭಾಷಣ ಮಾಡ್ತಿ. ಹೇಳು, ಎರಡರಾಗ ಯಾವುದು ಬೇಷ್?’ ಎಂದರು. ಎರಡು ಎಂದರೆ, ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಮತ್ತು ‘ಅಶನಿ’ ಎಂಬ .32 ಪಿಸ್ತೂಲು.

ಅಶನಿ ಎಂದರೆ ಸಿಡಿಲು. ಹೆಸರು ದೊಡ್ಡದು, ಗುಂಡು ಸಣ್ಣದು. ಜಾನ್ ಬ್ರೌನಿಂಗ್ ಎಂಬ ಅಮೆರಿಕನ್ನನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜೇಬಿನ ಪಿಸ್ತೂಲಿಗೆಂದೇ ರೂಪಿಸಿದ ಗುಂಡು ಅದು. ಪಿಸ್ತೂಲು ಚಪ್ಪಟೆಯಾಗಿರುವುದರಿಂದ ಅಂಗಿಯೊಳಗೆ ಉಬ್ಬುವುದಿಲ್ಲ. ರಿವಾಲ್ವರಿನ ಆರು ಗುಂಡಿನ ಉರುಳೆ ಸೊಂಟದಲ್ಲಿ ಬದನೆಕಾಯಿ ಇಟ್ಟುಕೊಂಡಂತೆ ಕಾಣುತ್ತದೆ. ಆದರೆ ಪಿಸ್ತೂಲು ಅಭ್ಯಾಸ ಬೇಡುತ್ತದೆ. ಮೇಲಿನ ಜಾರುಭಾಗವನ್ನು ಹಿಂದೆಳೆದು ಬಿಡಬೇಕು, ಸುರಕ್ಷತಾ ಕೀಲು ನೆನಪಿರಬೇಕು. ದೂಳು, ಸಡಿಲ ಸ್ಪ್ರಿಂಗು, ಹಳೆಯ ಗುಂಡು ಯಾವುದಾದರೊಂದು ಸಾಕು, ನಡುವೆ ಸಿಕ್ಕಿಕೊಳ್ಳಲು. ರಿವಾಲ್ವರಿನಲ್ಲಿ ಒಂದು ಗುಂಡು ಹುಸಿಯಾದರೆ ಕುದುರೆಯನ್ನು ಮತ್ತೊಮ್ಮೆ ಎಳೆದರಾಯಿತು, ಉರುಳೆ ತಿರುಗಿ ಮುಂದಿನದು ಬರುತ್ತದೆ. ಆ ಎಳೆತ ಗಡಸು, ಅದೇ ಅದರ ಕಾವಲು. ಇನ್ನೊಂದು ಗೊಂದಲವೂ ಇದೆ. ಎರಡೂ .32 ಎಂದೇ ಕರೆಸಿಕೊಂಡರೂ ರಿವಾಲ್ವರಿನ ಗುಂಡೇ ಬೇರೆ, ಪಿಸ್ತೂಲಿನದೇ ಬೇರೆ. ಒಬ್ಬ ಪರವಾನಗಿದಾರನಿಗೆ ವರ್ಷಕ್ಕೆ ಸಿಗುವ ಗುಂಡುಗಳೇ ಮಿತ. ಅದರಲ್ಲಿ ಅಭ್ಯಾಸಕ್ಕೆಷ್ಟು, ಆಪತ್ತಿಗೆಷ್ಟು? ನಾನು ರಿವಾಲ್ವರ್ ಎಂದೆ. ಅದೂ ಮನೆಯ ತಿಜೋರಿಯಲ್ಲಿರಲಿ, ಸೊಂಟಕ್ಕೆ ಬೇಡ ಎಂದೆ. ಎರಡನೆಯದು ಅವರಿಗೆ ಹಿಡಿಸಲಿಲ್ಲ.

ಆದರೆ ನನ್ನ ತಲೆಗೆ ಹೊಕ್ಕ ಪ್ರಶ್ನೆ ಬೇರೆಯದು. ಆಯ್ಕೆ ಇಷ್ಟು ಕಿರಿದಾದದ್ದು ಹೇಗೆ? ಸೈನ್ಯ, ಪೊಲೀಸರು ಬಳಸುವ 9 ಮಿ.ಮೀ. ಗುಂಡು ಸಾಮಾನ್ಯನಿಗೆ ನಿಷಿದ್ಧ. 1980ರ ದಶಕದಿಂದ ಹೊರದೇಶದ ಆಯುಧ ತರಿಸುವುದಕ್ಕೂ ತಡೆ. ಹಾಗಾಗಿ ಹಳೆಯ ವೆಬ್ಲಿ, ವಾಲ್ಥರ್‌ಗಳು ಚಿನ್ನದ ಬೆಲೆಗೆ ಕೈ ಬದಲಾಯಿಸುತ್ತವೆ. ಆದರೆ ಈ ಸರಪಳಿಯ ಮೊದಲ ಕೊಂಡಿ 1857ರದು.

ಅದಕ್ಕೂ ಮೊದಲು ಇಲ್ಲಿ ಶೇತಸನದಿಗಳಿದ್ದರು. ಊರು ಕಾಯುವುದಕ್ಕೆ, ಕರೆ ಬಂದಾಗ ದೊರೆಯ ಪರ ಹೋರಾಡುವುದಕ್ಕೆ ಇನಾಮು ಹೊಲ ಪಡೆದ ಬಂಟರು. ಸಂಗೊಳ್ಳಿ ರಾಯಣ್ಣ ಅಂಥವನು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರು ಕೋಟೆಯ ಮುಂದೆ ಸತ್ತಾಗ ಎದುರಿಗಿದ್ದ ಪಡೆಯಲ್ಲಿ ಇಂಥವರು ಬಹಳ. ಅವರಿಗೆ ಆಯುಧವೂ ಹೊಲವೂ ಒಂದೇ ಸನದಿನ ಎರಡು ತುದಿ. ಹೊಲ ಹೋದರೆ ಕತ್ತಿಗೆ ಅರ್ಥವಿಲ್ಲ, ಕತ್ತಿ ಹೋದರೆ ಹೊಲ ಉಳಿಯುವುದಿಲ್ಲ. ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ನಮ್ಮ ಮಾವನ ತಾಲೂಕಿನ ನಂದಗಡದಲ್ಲಿ. ಅವನು ಸಿಕ್ಕಿಬಿದ್ದದ್ದು ಹಳ್ಳದಲ್ಲಿ ಸ್ನಾನ ಮಾಡುವಾಗ, ಆಯುಧ ಕೈಗೆ ಎಟುಕದ ಗಳಿಗೆಯಲ್ಲಿ ಎಂದು ಜನ ಇಂದಿಗೂ ಹೇಳುತ್ತಾರೆ. ಮಾವ ತಮ್ಮ ವಾದಕ್ಕೆ ಇದನ್ನೇ ಸಾಕ್ಷಿಯಾಗಿ ಎಳೆದು ತಂದರು. ರಾಯಣ್ಣನನ್ನು ಹಿಡಿದುಕೊಟ್ಟದ್ದು ನಂಬಿದವರೇ, ಅಲ್ಲಿ ಪಿಸ್ತೂಲು ಏನು ಮಾಡುತ್ತಿತ್ತು ಎಂದು ನಾನು ಕೇಳಿದೆ.

1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದಿತು. ಹತ್ತನೇ ತರಗತಿಯಲ್ಲಿ ‘ಹಲಗಲಿ ಬೇಡರು’ ಲಾವಣಿ ಓದಿದವರಿಗೆ ಮುಂದಿನದು ಗೊತ್ತು. ಮುಧೋಳ ಸಂಸ್ಥಾನದ ಆ ಹಳ್ಳಿಯ ಬೇಡರು ಆಯುಧ ಒಪ್ಪಿಸಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಬಂದು ಊರು ಸುಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ನಮಗೆ ಉಳಿದದ್ದು ಲಾವಣಿಕಾರರಿಂದ ಮತ್ತು ಆ ಹಾಡನ್ನು ಬರೆದುಕೊಂಡ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯಿಂದ. ಬೇಟೆಯಿಂದ ಬದುಕುವವನ ಬಂದೂಕನ್ನು ಕೇಳುವುದೆಂದರೆ ನೇಗಿಲನ್ನೇ ಕೇಳಿದಂತೆ. ಪಾಠ ಹೇಳುವಾಗ ದೇಶಪ್ರೇಮಕ್ಕಿಂತ ಮೊದಲು ನಾನು ಇದನ್ನೇ ಹೇಳುತ್ತೇನೆ. ಮರುವರ್ಷ ನರಗುಂದದ ಭಾಸ್ಕರರಾವ್ ಬಂಡೆದ್ದ. ಅವನ ಗಲ್ಲು ಬೆಳಗಾವಿಯಲ್ಲೇ ಆಯಿತು.

ಮುಂದೆ 1878ರ ಶಸ್ತ್ರ ಕಾಯ್ದೆ. ಯುರೋಪಿಯನ್ನರಿಗೆ ವಿನಾಯಿತಿ, ನಮಗೆ ಪರವಾನಗಿ. (ಕೊಡವರಿಗೂ ವಿನಾಯಿತಿ ಸಿಕ್ಕಿತು. ಅದು ಇಂದಿಗೂ ನಡೆದಿದೆ, ಅದರದೇ ಬೇರೆ ಕಥೆ.) ಇಡೀ ಜನಾಂಗದಿಂದ ಆಯುಧ ಕಸಿದ ಈ ಕಾಯ್ದೆಯನ್ನು ಬ್ರಿಟಿಷರ ಕರಾಳ ಕೃತ್ಯಗಳಲ್ಲೆಲ್ಲ ಮೊದಲನೆಯದಾಗಿ ಎಣಿಸಿದವರು ಯಾರು ಬಲ್ಲಿರಾ? ಗಾಂಧೀಜಿ, ತಮ್ಮ ಆತ್ಮಕಥೆಯಲ್ಲಿ. ಕಿತ್ತೂರಿನ ಕದನಕ್ಕೆ ಸರಿಯಾಗಿ ನೂರು ವರ್ಷ ತುಂಬಿದ 1924ರಲ್ಲಿ ಅವರು ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. 1931ರ ಕರಾಚಿ ಅಧಿವೇಶನವಂತೂ ನಿಯಮಕ್ಕೊಳಪಟ್ಟು ಆಯುಧ ಹೊಂದುವುದನ್ನು ಮೂಲಭೂತ ಹಕ್ಕುಗಳ ಪಟ್ಟಿಗೇ ಸೇರಿಸಿತು.

ಆ ಹಕ್ಕು ಸಂವಿಧಾನಕ್ಕೆ ಬರಲಿಲ್ಲ. 1948ರ ಡಿಸೆಂಬರಿನಲ್ಲಿ ಮಂಗಳೂರು ಮೂಲದ ಹೆಚ್.ವಿ. ಕಾಮತ್ ಕರಾಚಿಯನ್ನು ನೆನಪಿಸಿ ತಿದ್ದುಪಡಿ ಕೇಳಿದರು. ಅಂಬೇಡ್ಕರ್ ಒಪ್ಪಲಿಲ್ಲ. ನಾವು ಒತ್ತಾಯಿಸಬೇಕಾದದ್ದು ಆಯುಧ ಹಿಡಿಯುವ ಹಕ್ಕನ್ನಲ್ಲ, ದೇಶಕ್ಕೆ ಬೇಕಾದಾಗ ಹಿಡಿಯುವ ಕರ್ತವ್ಯವನ್ನು ಎಂಬ ಅರ್ಥದಲ್ಲಿ ಉತ್ತರಿಸಿದರು. ಅದೇ ವರ್ಷದ ಜನವರಿ 30ರಂದು ಗಾಂಧೀಜಿಯನ್ನು ಕೊಂದದ್ದು ಇಟಲಿಯ ಒಂದು ಬೆರೆಟ್ಟಾ. ಬಟ್ಟೆಯೊಳಗೆ ಅಡಗಿಸಲು ಆಗುವಷ್ಟು ಚಿಕ್ಕ ಪಿಸ್ತೂಲು. ಸಭೆಯಲ್ಲಿ ಕುಳಿತವರಿಗೆ ಅದು ಮರೆತಿರಲಾರದು. 1959ರ ಕಾಯ್ದೆ ಹಳೆಯ ಕಾಯ್ದೆಯ ಜಾಗಕ್ಕೆ ಬಂತು, ಪರವಾನಗಿಯನ್ನು ಉಳಿಸಿತು.

ನನ್ನ ಮಟ್ಟಿಗೆ ಕಾಯ್ದೆಯ ಪರವಾಗಿಯೇ ಇದ್ದೇನೆ, ಹಲಗಲಿಯನ್ನು ಓದಿಯೂ. ಕಾರಣ ಧಾರವಾಡ. 2015ರ ಆಗಸ್ಟ್ 30ರ ಬೆಳಿಗ್ಗೆ ಎಂ.ಎಂ. ಕಲಬುರ್ಗಿಯವರ ಮನೆ ಬಾಗಿಲಲ್ಲಿ ಬಳಕೆಯಾದದ್ದು 7.65 ಮಿ.ಮೀ. ನಾಡಪಿಸ್ತೂಲು ಎಂದು ತನಿಖೆಯ ವರದಿಗಳು ಹೇಳಿದವು. 7.65 ಎಂದರೆ ಇಂಚಿನ ಲೆಕ್ಕದಲ್ಲಿ .32. ಇದನ್ನು ಮಾವನಿಗೆ ಹೇಳಿದಾಗ ಅವರು ಅಶನಿಯ ಬೆಲೆಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ‘ಅವರ ಹತ್ರ ಒಂದು ಇದ್ದಿದ್ರ?’ ಎಂದರು. ಬಾಗಿಲು ತಟ್ಟಿದವನನ್ನು ವಿದ್ಯಾರ್ಥಿಯೆಂದೇ ತಿಳಿದು ಬಾಗಿಲು ತೆರೆಯುವ ಮನೆಯದು, ಮಾವ, ಎಂದೆ.