ಇ-ಸಿಗರೇಟ್: ಬ್ಯಾಟರಿಯ ಎಂಎಎಚ್ ಹೆಚ್ಚಿದ್ದರೆ ಯಾವ ಕಾಯಿಲ್ ಹಾಕಿದರೂ ಸುರಕ್ಷಿತವೇ?

ಅಲ್ಲ. ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂಬುದಕ್ಕೆ ಎಂಎಎಚ್ ಅಳತೆ. ಒಮ್ಮೆಗೆ ಎಷ್ಟು ಕರೆಂಟ್ ಕೊಡಬಲ್ಲದು ಎಂಬುದಕ್ಕೆ ಆಂಪಿಯರ್ ಮಿತಿ ನೋಡಬೇಕು. ಟ್ಯಾಂಕ್ ದೊಡ್ಡದಾದ ಮಾತ್ರಕ್ಕೆ ಪೈಪ್ ದಪ್ಪವಾಗುವುದಿಲ್ಲ.

ನಿಯಂತ್ರಣ ಸರ್ಕ್ಯೂಟ್ ಇಲ್ಲದ ‘ಮೆಕ್ಯಾನಿಕಲ್ ಮಾಡ್’ ಸಾಧನವನ್ನೇ ತೆಗೆದುಕೊಳ್ಳೋಣ. ಓಮ್‌ನ ನಿಯಮದಂತೆ ವೋಲ್ಟೇಜನ್ನು ಕಾಯಿಲ್‌ನ ರೋಧದಿಂದ ಭಾಗಿಸಿದರೆ ಕರೆಂಟ್ ಸಿಗುತ್ತದೆ. ಪೂರ್ತಿ ಚಾರ್ಜ್ ಆದ ಲಿಥಿಯಂ ಅಯಾನ್ ಸೆಲ್‌ನಲ್ಲಿ ಸುಮಾರು 4.2 ವೋಲ್ಟ್ ಇರುತ್ತದೆ. 0.5 ಓಮ್ ಕಾಯಿಲ್ 8.4 ಆಂಪಿಯರ್ ಎಳೆಯುತ್ತದೆ, 0.15 ಓಮ್ ಕಾಯಿಲ್ 28 ಆಂಪಿಯರ್! 20 ಆಂಪಿಯರ್ ಮಿತಿಯ ಸೆಲ್ ಇದರಿಂದ ಅತಿಯಾಗಿ ಕಾದು ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು.

ಲೆಕ್ಕ ಸರಿಹೋದರೂ ನಿಕೋಟಿನ್ ಚಟದ ಅಪಾಯ ತಪ್ಪದು. ಭಾರತದಲ್ಲಿ 2019ರಿಂದ ಇ-ಸಿಗರೇಟ್ ತಯಾರಿಕೆ, ಮಾರಾಟ ಎರಡೂ ನಿಷಿದ್ಧ ಎಂಬುದನ್ನೂ ನಾವು ನೆನಪಿಸುತ್ತೇವೆ.