ನ್ಯಾಯಮೂರ್ತಿ ಕೌಡೂರು ಸದಾನಂದ ಹೆಗ್ಡೆ (1909–1990)

ದೇರಳಕಟ್ಟೆಯ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಹೋಗುವ ನಮ್ಮಲ್ಲಿ ಅನೇಕರಿಗೆ ‘ಕೆ. ಎಸ್. ಹೆಗ್ಡೆ’ ಎಂಬುದು ಫಲಕದ ಮೇಲಿನ ಒಂದು ಹೆಸರು ಮಾತ್ರ. ಭಾರತದ ಮುಖ್ಯ ನ್ಯಾಯಮೂರ್ತಿಯಾಗಬೇಕಿದ್ದ, ಆದರೆ ಆಗದೇ ಹೋದ ನಮ್ಮ ಕರಾವಳಿಯ ವ್ಯಕ್ತಿ ಅವರು ಎಂಬುದು ಕಿರಿಯರಿಗೆ ಅಷ್ಟಾಗಿ ತಿಳಿದಂತಿಲ್ಲ.

ಕಾರ್ಕಳ ತಾಲೂಕಿನ ಕೌಡೂರಿನಲ್ಲಿ 1909ರ ಜೂನ್ 11ರಂದು ಅವರ ಜನನ. ಊರಿನ ಪ್ರಾಥಮಿಕ ಶಾಲೆ, ಕಾರ್ಕಳದ ಬೋರ್ಡ್ ಹೈಸ್ಕೂಲು, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಬಳಿಕ ಮದ್ರಾಸಿನಲ್ಲಿ ಉನ್ನತ ಶಿಕ್ಷಣ ಮತ್ತು ಕಾನೂನು. 1947ರಿಂದ 1951ರ ವರೆಗೆ ಸರಕಾರಿ ವಕೀಲರು. 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. 1957ರಲ್ಲಿ ಆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1966ರಲ್ಲಿ ಹೊಸದಾಗಿ ರಚನೆಯಾದ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, ಮರುವರ್ಷ ಸುಪ್ರೀಂ ಕೋರ್ಟು. ರಾಜಕೀಯದಿಂದ ಬಂದವರು ನ್ಯಾಯಪೀಠದಲ್ಲಿ ಹಳೆಯ ಪಕ್ಷದ ಋಣ ತೀರಿಸುತ್ತಾರೆಂಬ ಸಂಶಯ ಸಹಜ. ಇವರ ವಿಷಯದಲ್ಲಿ ಆದದ್ದು ಬೇರೆಯೇ.

ಕಾಸರಗೋಡು ಬಳಿಯ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾಯಿದೆಯ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಸ್ತಿಯ ಹಕ್ಕಿನ ಜೊತೆಗೆ, ಧಾರ್ಮಿಕ ಪಂಗಡವೊಂದು ತನ್ನ ಸಂಸ್ಥೆಗಳನ್ನು ತಾನೇ ನಡೆಸುವ ಹಕ್ಕನ್ನು, ಅಂದರೆ ಸಂವಿಧಾನದ 26ನೇ ವಿಧಿಯನ್ನು, ಅವರು ಎತ್ತಿ ಹಿಡಿದಿದ್ದರು. ಮಠಕ್ಕೆ ಮಾತ್ರವಲ್ಲ, ಚರ್ಚಿಗೂ ಮಸೀದಿಗೂ ಅನ್ವಯಿಸುವ ವಿಧಿ ಇದು. ಪ್ರಶ್ನೆ ಬೆಳೆದು, ಸಂವಿಧಾನವನ್ನು ಪಾರ್ಲಿಮೆಂಟು ಎಷ್ಟರ ಮಟ್ಟಿಗೆ ತಿದ್ದಬಹುದು ಎಂಬಲ್ಲಿಗೆ ತಲುಪಿತು. ಹದಿಮೂರು ಮಂದಿ ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ಏಳು ಮಂದಿಯ ಬಹುಮತದಿಂದ ತೀರ್ಪು ಬಂತು: ತಿದ್ದಬಹುದು, ಆದರೆ ಸಂವಿಧಾನದ ಮೂಲ ರಚನೆಯನ್ನು ಕೆಡವುವಂತಿಲ್ಲ. ಆ ಏಳರಲ್ಲಿ ಹೆಗ್ಡೆಯವರೂ ಒಬ್ಬರು. ನ್ಯಾಯಮೂರ್ತಿ ಮುಖರ್ಜಿಯವರೊಂದಿಗೆ ಸೇರಿ ತೀರ್ಪು ಬರೆದಿದ್ದರು. (ಮಠದ ಭೂಮಿ ಮಾತ್ರ ಮರಳಿ ಸಿಗಲಿಲ್ಲ.)

ಮರುದಿನವೇ ಸರಕಾರ ಮೂವರು ಹಿರಿಯರಾದ ಶೆಲಾತ್, ಹೆಗ್ಡೆ ಮತ್ತು ಗ್ರೋವರ್ ಅವರನ್ನು ದಾಟಿ, ನಾಲ್ಕನೆಯವರಾದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಹೆಸರಿಸಿತು. ರೇ ಅವರು ಅಲ್ಪಮತದಲ್ಲಿದ್ದವರು. ದಾಟಲ್ಪಟ್ಟ ಮೂವರೂ ರಾಜೀನಾಮೆ ಕೊಟ್ಟರು. ಜ್ಯೇಷ್ಠತೆಯನ್ನು ಪಾಲಿಸಿದ್ದರೆ ಶೆಲಾತ್ ಅವರು ಆ ಜುಲೈಯಲ್ಲಿ ನಿವೃತ್ತರಾಗುತ್ತಿದ್ದರು. ನಂತರ 1974ರ ಜೂನ್ ತನಕ ಆ ಪೀಠ ಹೆಗ್ಡೆಯವರದ್ದು. ಕೆಲಸದಲ್ಲಿ ಉಳಿದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲವೆಂದು ನಮಗನಿಸುತ್ತದೆ. ಅವರು ಉಳಿಯಲಿಲ್ಲ. ಎರಡೇ ವರ್ಷದಲ್ಲಿ ತುರ್ತುಪರಿಸ್ಥಿತಿ ಬಂತು. ಅದರ ನಡುವೆ, 1975ರ ನವೆಂಬರಿನಲ್ಲಿ, ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯದ ಕೈಗೆಟುಕದಂತೆ ಮಾಡಿದ್ದ ತಿದ್ದುಪಡಿಯ ಭಾಗವನ್ನು ಸುಪ್ರೀಂ ಕೋರ್ಟು ರದ್ದುಮಾಡಿದ್ದು ಇದೇ ಮೂಲ ರಚನೆಯ ಆಧಾರದಲ್ಲಿ. ಪೀಠದಲ್ಲಿ ಸ್ವತಃ ರೇ ಅವರೇ ಇದ್ದರು!

1977ರಲ್ಲಿ ಹೆಗ್ಡೆಯವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದರು. ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾಗಲು ಹೊರಟಾಗ ತೆರವಾದ ಲೋಕಸಭೆಯ ಸ್ಪೀಕರ್ ಸ್ಥಾನಕ್ಕೆ ಜುಲೈ 21ರಂದು ಆಯ್ಕೆಯಾಗಿ, 1980ರ ಜನವರಿಯ ವರೆಗೆ ಅಲ್ಲಿದ್ದರು. ಮುಂದೆ ಭಾರತೀಯ ಜನತಾ ಪಕ್ಷದಲ್ಲಿಯೂ ಕೆಲಸ ಮಾಡಿದರು.

ದೆಹಲಿಯಲ್ಲಿ ಸ್ಪೀಕರ್ ಆಗಿದ್ದಾಗಲೇ, 1979ರಲ್ಲಿ, ಕಾರ್ಕಳ ಬಳಿಯ ನಿಟ್ಟೆಯಲ್ಲಿ ಶಿಕ್ಷಣ ಟ್ರಸ್ಟು ಸ್ಥಾಪಿಸಿದರು. ಆರಂಭವಾದದ್ದು ಒಂದು ಹೈಸ್ಕೂಲು. ಇಂಜಿನಿಯರಿಂಗ್ ಕಾಲೇಜು 1986ರಲ್ಲಿ ಬಂತು. ದೇರಳಕಟ್ಟೆಯ ವೈದ್ಯಕೀಯ ಕಾಲೇಜನ್ನು ನೋಡಲು ಅವರಿರಲಿಲ್ಲ. 1990ರ ಮೇ 24ರಂದು ನಿಧನರಾದರು. ಮಗ ಸಂತೋಷ್ ಹೆಗ್ಡೆಯವರು 1999ರಲ್ಲಿ, ತಂದೆ ಬಿಟ್ಟು ಬಂದಿದ್ದ ಅದೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.