ಜಗಲಿಯಿಂದ ಗಣಕಯಂತ್ರಕ್ಕೆ

ಕಳೆದ ಬೇಸಗೆ ನಾಗರಹೊಳೆಗೆ ಹೊರಟವರು ಬಿಸಿಲಿಗಂಜಿ ವೀರನಹೊಸಹಳ್ಳಿಯಲ್ಲಿ ಒಂದು ಮನೆಯ ಜಗಲಿಯ ಮೇಲೆ ಕುಳಿತೆವು. ಯಾರೆಂದು ಯಾರೂ ಕೇಳಲಿಲ್ಲ. ಜಗಲಿ ಇರುವುದೇ ಅದಕ್ಕಷ್ಟೆ. ಜೊತೆಗಿದ್ದ ಹಳೆಯ ಶಿಷ್ಯ, ಈಗ ಮೈಸೂರಿನಲ್ಲಿ ಸಾಫ್ಟ್‌ವೇರ್ ಬರೆಯುವಾತ, “ನಮ್ಮ ಡಿಸೈನ್ ಪ್ಯಾಟರ್ನ್‌ಗಳ ಬೇರು ಇಂಥಲ್ಲೇ ಇದೆ, ಸಾರ್” ಎಂದ. ನಕ್ಕುಬಿಟ್ಟೆ. ಆಮೇಲೆ ಓದಿ ನೋಡಿದರೆ ನಕ್ಕದ್ದೇ ತಪ್ಪಾಗಿತ್ತು.

ಕ್ರಿಸ್ಟೋಫರ್ ಅಲೆಕ್ಸಾಂಡರ್ ಎಂಬ ವಾಸ್ತುಶಿಲ್ಪಿ 1964ರ ತಮ್ಮ ಗ್ರಂಥದಲ್ಲಿ ಗುಜರಾತಿನ ಹಳ್ಳಿಯೊಂದರ 141 ಅಗತ್ಯಗಳನ್ನು ಪಟ್ಟಿ ಮಾಡಿದರು. 1977ರಲ್ಲಿ ಸಂಗಡಿಗರೊಡನೆ 253 ಪ್ಯಾಟರ್ನ್‌ಗಳನ್ನು, ಎಂದರೆ ಮತ್ತೆ ಮತ್ತೆ ಎದುರಾಗುವ ತೊಡಕಿಗೆ ಮತ್ತೆ ಮತ್ತೆ ಒದಗುವ ಪರಿಹಾರಗಳನ್ನು, ಪ್ರಕಟಿಸಿದರು. 242ನೆಯದು ಮುಂಬಾಗಿಲ ಬಳಿಯ ಆಸನ. ನಮ್ಮ ಜಗಲಿಯೇ! 1987ರಲ್ಲಿ ಕೆಂಟ್ ಬೆಕ್, ವಾರ್ಡ್ ಕನಿಂಗ್‌ಹ್ಯಾಮ್ ಈ ವಿಚಾರವನ್ನು ಗಣಕಕ್ಕೆ ತಂದರು. 1994ರಲ್ಲಿ ಎರಿಕ್ ಗಾಮಾ ಮೊದಲಾದ ನಾಲ್ವರು 23 ಪ್ಯಾಟರ್ನ್‌ಗಳ ಪುಸ್ತಕ ಬರೆದರು. ಅದರಲ್ಲೊಂದು ‘ಅಬ್ಸರ್ವರ್’. ಪತ್ರಿಕೆಯ ಚಂದಾ ಇದ್ದಂತೆ: ಹೆಸರು ಬರೆಸಿದವರಿಗೆಲ್ಲ ಸುದ್ದಿ ತಲಪುತ್ತದೆ, ಅದನ್ನು ಯಾರು ಏನು ಮಾಡುತ್ತಾರೆಂಬ ಗೊಡವೆ ಅಚ್ಚುಕೂಟಕ್ಕಿಲ್ಲ.

ಅಲೆಕ್ಸಾಂಡರರಿಗೆ ಮಾತ್ರ ಸಮಾಧಾನವಾಗಲಿಲ್ಲ. 1996ರಲ್ಲಿ ಗಣಕದವರ ಸಭೆಯಲ್ಲೇ, ಇದರಿಂದ ಮನುಷ್ಯರ ಬಾಳು ಮೇಲಾಗುತ್ತಿದೆಯೇ ಎಂದು ಕೇಳಿದರು. ಮೊನ್ನೆ ಶಿಷ್ಯನನ್ನು ನಾನೂ ಅದನ್ನೇ ಕೇಳಿದೆ. ಉತ್ತರ ಹೇಳದೆ ತನ್ನ ಹೊಸ ಮನೆಯ ನಕ್ಷೆ ತೋರಿಸಿದ. ಜಗಲಿಯಿಲ್ಲ, ಕಾರಿಗೆ ಜಾಗ ಬೇಕಂತೆ.